ಜಾವಾದಲ್ಲಿ ಎರಡು ಅರೇ ಜೋಡಿಸುವ ಮೆಥಡ್: ಟೈಪ್ ಕೆಡದಂತೆ ಬರೆಯುವುದು ಹೇಗೆ?

ಒಂದೇ ಕೋಡ್ ಬೇರೆ ಬೇರೆ ಟೈಪ್‌ಗೆ ಒಗ್ಗುವಂತೆ ಬರೆಯುವ ಜಾವಾದ ಜನರಿಕ್ಸ್‌ಗೂ, ಒಂದೇ ಟೈಪ್‌ನ ಮೌಲ್ಯಗಳ ಸಾಲಾದ ಅರೇಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅರೇಯಲ್ಲಿ ಏನಾದರೂ ಹುಡುಕುವ ಮೆಥಡ್ ಆದರೆ ಸಲೀಸು. ರಿಟರ್ನ್ ಟೈಪ್‌ಗೆ ಮೊದಲು ಕೋನ ಬ್ರ್ಯಾಕೆಟ್‌ನಲ್ಲಿ ‘ಟಿ’ (ಯಾವುದೋ ಒಂದು ಟೈಪ್ ಎನ್ನುವ ಗುರುತು) ಹಾಕಿದರೆ ಆಯ್ತು. ಹೊಸ ಅರೇ ಮಾಡಬೇಕಾದಾಗಲೇ ತಕರಾರು ಶುರು.

2004ರಲ್ಲಿ ಜಾವಾ 5ರ ಜೊತೆ ಜನರಿಕ್ಸ್ ಬಂತು. ಹಳೇ ಕೋಡ್ ಕೆಡಬಾರದು ಅಂತ, ಕಂಪೈಲ್ ಆದಮೇಲೆ ಟಿ ಅಳಿಸಿಹೋಗುವ ಹಾಗೆ ಮಾಡಿದರು. ಅರೇ ಮಾತ್ರ ತನ್ನ ಟೈಪ್ ಯಾವುದೆಂದು ಪ್ರೋಗ್ರಾಂ ಓಡುವಾಗಲೂ ನೆನಪಿಟ್ಟುಕೊಳ್ಳುತ್ತದೆ. ಹಾಗಾಗಿ ‘ನ್ಯೂ ಟಿ’ ಎಂದು ಅರೇ ಕೇಳಿದರೆ ಕಂಪೈಲರ್ ಒಪ್ಪುವುದಿಲ್ಲ. ಆಬ್ಜೆಕ್ಟ್ ಅರೇ ಮಾಡಿ, ಇದನ್ನು ಟಿ ಅರೇ ಎಂದೇ ತಿಳಿ ಅಂತ ಕಾಸ್ಟ್ ಮಾಡಿದರೆ? ವಾರ್ನಿಂಗ್ ಕೊಟ್ಟು ಬಿಡುತ್ತದೆ. ಆಮೇಲೆ ಕರೆದವರು ಅದನ್ನು ಸ್ಟ್ರಿಂಗ್ ಅರೇಗೆ ಹಾಕಿಕೊಂಡ ಸಾಲಿನಲ್ಲಿ ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್, ಅಂದರೆ ಟೈಪ್ ಹೊಂದಲಿಲ್ಲ ಎಂಬ ದೋಷ. ತಪ್ಪು ಒಂದು ಕಡೆ, ಪೆಟ್ಟು ಇನ್ನೊಂದು ಕಡೆ.

ಎಲ್ಲರೂ ಮೊದಲು ಹಿಡಿಯುವ ದಾರಿ: ‘ಅರೇಸ್.ಕಾಪಿಆಫ್’ನಿಂದ ಮೊದಲ ಅರೇಯನ್ನೇ ಉದ್ದ ಮಾಡಿ, ‘ಸಿಸ್ಟಮ್.ಅರೇಕಾಪಿ’ಯಿಂದ ಎರಡನೆಯದನ್ನು ತುಂಬುವುದು. ಎರಡೂ ಸ್ಟ್ರಿಂಗ್ ಅರೇ ಆದರೆ ತೊಂದರೆಯಿಲ್ಲ. ಇಂಟಿಜರ್ ಅರೇ ಜೊತೆ ಡಬಲ್ ಅರೇ ಕೊಟ್ಟು ನೋಡಿ. ಎರಡೂ ನಂಬರ್ ತಾನೇ ಅಂತ ಕಂಪೈಲರ್ ಸುಮ್ನೆ ಬಿಡುತ್ತದೆ. ಆದರೆ ಕಾಪಿಆಫ್ ಮಾಡಿದ್ದು ಇಂಟಿಜರ್ ಅರೇ, ಡಬಲ್ ಅದರೊಳಗೆ ಹೋಗುವುದಿಲ್ಲ. ಅರೇಸ್ಟೋರ್‌ಎಕ್ಸೆಪ್ಶನ್!

ಹಾಗಾಗಿ ಟೈಪ್ ಯಾವುದೆಂದು ಕರೆಯುವವರೇ ಹೇಳಲಿ. ಮೊದಲ ಪ್ಯಾರಾಮೀಟರ್ ‘ಕ್ಲಾಸ್ ಆಫ್ ಟಿ’ ಇಡಿ, ಅದರ ನಂತರ ಎರಡು ಅರೇ. ಒಳಗೆ, ಪ್ರೋಗ್ರಾಂ ಓಡುವಾಗ ಟೈಪ್ ನೋಡಿ ಕೆಲಸ ಮಾಡುವ ರಿಫ್ಲೆಕ್ಟ್ ಪ್ಯಾಕೇಜಿನ ‘ಅರೇ.ನ್ಯೂಇನ್‌ಸ್ಟನ್ಸ್’ಗೆ ಆ ಕ್ಲಾಸ್ ಮತ್ತು ಎರಡರ ಒಟ್ಟು ಉದ್ದ ಕೊಟ್ಟು, ಬಂದದ್ದನ್ನು ಟಿ ಅರೇಗೆ ಕಾಸ್ಟ್ ಮಾಡಿ. ಇಲ್ಲೂ ವಾರ್ನಿಂಗ್ ಬರುತ್ತೆ. ವಾರ್ನಿಂಗ್ ಅಡಗಿಸುವ ಸಪ್ರೆಸ್‌ವಾರ್ನಿಂಗ್ಸ್ ಅನ್ನು ಆ ಒಂದು ಸಾಲಿಗೆ ಮಾತ್ರ ಹಾಕಿ, ಇಡೀ ಕ್ಲಾಸಿಗೆ ಬೇಡ. ಕೊನೆಗೆ ಅರೇಕಾಪಿ ಎರಡು ಸಲ.

ಈಗ ‘ಇಂಟಿಜರ್.ಕ್ಲಾಸ್’ ಕೊಟ್ಟು ಡಬಲ್ ಅರೇ ಸೇರಿಸಲು ಹೋದರೆ ಕಂಪೈಲರೇ ತಡೆಯುತ್ತದೆ. ‘ನಂಬರ್.ಕ್ಲಾಸ್’ ಕೊಟ್ಟರೆ ಎರಡೂ ಸೇರುತ್ತವೆ.

ಜಾವಾ 8ರಿಂದ ಕ್ಲಾಸ್ ಬದಲು ಅರೇ ಕನ್‌ಸ್ಟ್ರಕ್ಟರ್ ರೆಫರೆನ್ಸ್ (ಉದ್ದ ಕೊಟ್ಟರೆ ಅರೇ ಮಾಡಿಕೊಡುವ ಫಂಕ್ಷನ್) ಕೂಡ ಕಳಿಸಬಹುದು. ನೋಡೋಕೆ ಚೆಂದ, ಕಾಸ್ಟೂ ಬೇಡ. ಆದರೂ ಈ ಕೆಲಸಕ್ಕೆ ನನ್ನ ಓಟು ಕ್ಲಾಸ್‌ಗೇ. ಇಂಟಿಜರ್ ಅರೇಯನ್ನು ನಂಬರ್ ಅರೇ ಎಂದು ಜಾವಾ ಒಪ್ಪಿಕೊಳ್ಳುವುದರಿಂದ, ರೆಫರೆನ್ಸ್‌ನಲ್ಲಿ ಆ ಹಳೇ ಅರೇಸ್ಟೋರ್‌ಎಕ್ಸೆಪ್ಶನ್ ತೂತು ಹಾಗೇ ಉಳಿಯುತ್ತದೆ.

ಕ್ಲಾಸ್ ಕೊಡುವಾಗ ‘ಇಂಟ್.ಕ್ಲಾಸ್’ ಮಾತ್ರ ಕೊಡಬೇಡಿ. ಕಂಪೈಲರ್ ಪಾಲಿಗೆ ಅದೂ ಇಂಟಿಜರ್ ಕ್ಲಾಸೇ, ಆದರೆ ಹುಟ್ಟುವುದು ಆಬ್ಜೆಕ್ಟ್ ಅಲ್ಲದ, ಬರೀ ಸಂಖ್ಯೆಗಳ ಇಂಟ್ ಅರೇ. ಕಾಸ್ಟ್ ಮಾಡುವ ಸಾಲಿನಲ್ಲೇ ಬೀಳುತ್ತದೆ.