ಸ್ಟಾಸಿ ಟ್ರೈನಿಂಗ್ ಫಿಲ್ಮ್ ನೋಡೋವಾಗ ನಾನು ಮೊದಲು ಹುಡುಕೋದು ಕ್ಯಾಮೆರಾ ಎಲ್ಲಿದೆ ಅಂತ

ನಾನು ವಿಡಿಯೋ ಎಡಿಟರ್. ಹೊಟ್ಟೆಪಾಡಿಗೆ ಮದುವೆ ವಿಡಿಯೋ, ಕಂಪನಿ ವಿಡಿಯೋ, ಪುಣ್ಯ ಇದ್ರೆ ವರ್ಷಕ್ಕೊಂದು ಡಾಕ್ಯುಮೆಂಟರಿ. ಬೆಂಗಳೂರಲ್ಲಿ ನಮ್ದೊಂದು ಸಣ್ಣ ಫಿಲ್ಮ್ ಗುಂಪಿದೆ, ಅವರಿಗೆ ಪೂರ್ವ ಜರ್ಮನಿಯ ಗುಪ್ತ ಪೊಲೀಸರು, ಅಂದ್ರೆ ಸ್ಟಾಸಿಯವರು, ತಮ್ಮವರಿಗೆ ಪಾಠ ಹೇಳೋಕೆ ಅಂತ ಮಾಡ್ಕೊಂಡಿದ್ದ ಫಿಲ್ಮ್‌ಗಳ ಬಗ್ಗೆ ಒಂದು ಟಾಕ್ ಕೊಟ್ಟೆ. ಆಮೇಲೆ ಸುಮಾರು ಜನ "ಹೆಂಗೆ ಮಾಡಿದ್ರಿ, ಅದೆಲ್ಲ ಎಲ್ಲಿ ಸಿಗುತ್ತೆ" ಅಂತ ಕೇಳ್ತಾನೇ ಇದಾರೆ, ಅದಕ್ಕೆ ಬರೀತಿದೀನಿ.

ಸಿಗೋದೇನೂ ಕಷ್ಟ ಇಲ್ಲ. ಸ್ಟಾಸಿ 1950ರಲ್ಲಿ ಶುರುವಾಗಿದ್ದು, ಕೊನೇ ಹೊತ್ತಿಗೆ ಸುಮಾರು 91 ಸಾವಿರ ಜನ ಸಂಬಳದ ನೌಕರರು, ದೇಶದ ಜನಸಂಖ್ಯೆ ನೋಡಿದ್ರೆ ಬರೀ 1.6 ಕೋಟಿ. 1989ರ ಕೊನೇಲಿ ಬರ್ಲಿನ್ ಗೋಡೆ ಬಿದ್ದಮೇಲೆ ಇವರು ಫೈಲ್ ಹರಿದು ಮೂಟೆ ಕಟ್ಟೋಕೆ ಶುರು ಮಾಡಿದ್ರು, ಡಿಸೆಂಬರ್ 4ಕ್ಕೆ ಎರ್‌ಫರ್ಟ್‌ನಲ್ಲಿ ಜನ ಆಫೀಸಿಗೇ ನುಗ್ಗಿ ಅದನ್ನ ನಿಲ್ಲಿಸಿದ್ರು, 1990 ಜನವರಿ 15ಕ್ಕೆ ಬರ್ಲಿನ್‌ನ ಹೆಡ್ ಆಫೀಸೂ ಜನರ ಕೈಗೆ ಬಂತು. ಹಂಗಾಗಿ ಉಳಿದಿದ್ದು ಸಾಲಾಗಿ ಜೋಡಿಸಿದ್ರೆ 111 ಕಿಲೋಮೀಟರ್ ಆಗೋವಷ್ಟು ಫೈಲು, ಜೊತೆಗೆ ರಾಶಿ ರಾಶಿ ಫೋಟೋ, ಫಿಲ್ಮು, ವಿಡಿಯೋ, ಟೇಪು. 2021ರಿಂದ ಇದೆಲ್ಲ ಜರ್ಮನಿಯ ಫೆಡರಲ್ ಆರ್ಕೈವ್ ಕೆಳಗೆ ಬಂದಿದೆ. ಅವರ ಸ್ಟಾಸಿ ಮೀಡಿಯಾಟೇಕ್ ಅನ್ನೋ ಸೈಟಲ್ಲಿ ಆರಿಸಿದ ಒಂದಷ್ಟು ಫಿಲ್ಮು, ಆಡಿಯೋ, ಕಾಗದ ಪತ್ರ ಎಲ್ಲ ಫ್ರೀಯಾಗಿ ನೋಡಬಹುದು. ಜರ್ಮನ್‌ನಲ್ಲೇ ಇದೆ, ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲ್ತಿದ್ದು ನನಗೆ ಮುಕ್ಕಾಲು ಪಾಲು ಸಾಕಾಯ್ತು, ಮಿಕ್ಕಿದ್ದಕ್ಕೆ ಡಿಕ್ಷನರಿ.

ಈಗ ನಾನು ನೋಡೋ ರೀತಿಗೆ ಬರ್ತೀನಿ. ಮೊದಲ ಸಲ ಸೌಂಡ್ ಪೂರ್ತಿ ಆಫ್. ಯಾಕಂದ್ರೆ ಈ ಫಿಲ್ಮ್‌ಗಳಲ್ಲಿ ಕಾಮೆಂಟರಿ ಹೇಳೋ ಗಂಡಸು ಒಬ್ಬ ಇರ್ತಾನಲ್ಲ, ಅವನ ದನಿ ಎಷ್ಟು ತಣ್ಣಗೆ, ಎಷ್ಟು ಕಾನ್ಫಿಡೆಂಟಾಗಿ ಇರುತ್ತೆ ಅಂದ್ರೆ ಎರಡು ನಿಮಿಷದಲ್ಲಿ ನೀವೂ ತಲೆ ಆಡಿಸ್ಕೊಂಡು ಕೂತಿರ್ತೀರ, ಅವನು ತೋರಿಸಿದ್ದಷ್ಟೇ ನೋಡ್ತೀರ. ಸೌಂಡ್ ತೆಗೆದ್ರೆ ಬರೀ ಶಾಟ್‌ಗಳು ಉಳಿಯುತ್ತೆ. ಪ್ರತಿ ಶಾಟಿಗೂ ಶೀಟಲ್ಲಿ ಒಂದು ಸಾಲು: ಟೈಮ್‌ಕೋಡ್, ಏನಾಗ್ತಿದೆ, ಮತ್ತೆ ಮುಖ್ಯವಾದ ಕಾಲಂ, ಕ್ಯಾಮೆರಾ ಎಲ್ಲಿದೆ.

ಆ ಒಂದು ಕಾಲಮ್ಮೇ ನನಗೆ ಅರ್ಧ ಕೆಲಸ ಮಾಡಿಕೊಟ್ಟಿದ್ದು. ನಿಜವಾಗಿ ಕದ್ದು ತೆಗೆದ ಫೂಟೇಜ್ ಹೆಂಗಿರುತ್ತೆ ಗೊತ್ತಾ? ದೂರದಿಂದ, ಕಿಟಕಿ ಹಿಂದೆ ನಿಂತೋ, ಬ್ಯಾಗ್ ಒಳಗೆ ಬಚ್ಚಿಟ್ಟೋ ತೆಗೆದಿರ್ತಾರೆ, ಅರ್ಧ ಫ್ರೇಮಿಗೆ ಯಾರದೋ ಭುಜ ಅಡ್ಡ, ಫೋಕಸ್ ತಡವಾಗಿ ಬರುತ್ತೆ, ಬಹಳಷ್ಟು ಹೊತ್ತು ಏನೂ ಆಗಲ್ಲ, ಒಬ್ಬ ಮನುಷ್ಯ ಟ್ರಾಮ್‌ಗೆ ಕಾಯ್ತಾ ನಿಂತಿರ್ತಾನೆ ಅಷ್ಟೆ. ನಟನೆ ಮಾಡಿಸಿದ ಸೀನಲ್ಲಿ ಕ್ಯಾಮೆರಾ ಆಗಲೇ ಮನೆ ಒಳಗೆ ಬಂದು ಕೂತಿರುತ್ತೆ. ಏಜೆಂಟ್ ಬಾಗಿಲು ತೆಗೆಯೋ ಮುಂಚೆನೇ ಒಳಗಿಂದ ಶಾಟ್ ರೆಡಿ, ಲೈಟಿಂಗ್ ಚೆನ್ನಾಗಿ, ಬೀಗದ ಮೇಲೆ ಕ್ಲೋಸಪ್ಪು, ಆಮೇಲೆ ಮುಖಕ್ಕೊಂದು. ಗುಟ್ಟಾಗಿ ಮನೆಗೆ ನುಗ್ಗೋನು ಕ್ಯಾಮೆರಾಮನ್ನಿಗೆ ಮೊದಲು ಹೋಗಿ ಲೈಟ್ ಹಾಕಿಡಪ್ಪ ಅಂತಾನಾ. ಒಂದೇ ಫಿಲ್ಮಲ್ಲಿ ಎರಡೂ ಬೆರೆತಿದ್ದಾಗಲಂತೂ ಈ ಕಾಲಂ ಇಲ್ದೇ ಇದ್ರೆ ಎಡಿಟರ್ ಕಣ್ಣೂ ಮೋಸ ಹೋಗುತ್ತೆ, ಯಾಕಂದ್ರೆ ಬಿಗಿಯಾಗಿ ಕಟ್ ಮಾಡಿರ್ತಾರೆ, ದೂರದ ನಿಜವಾದ ಶಾಟು, ತಕ್ಷಣ ಹತ್ತಿರದ ನಟನೆ ಶಾಟು, ಎರಡೂ ಒಂದೇ ಘಟನೆ ಅನ್ನಿಸಿಬಿಡುತ್ತೆ.

ಮನೆ ಶೋಧದ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಟಾಕಲ್ಲೂ ಇದಕ್ಕೇ ಜಾಸ್ತಿ ಹೊತ್ತು ಹೋಗಿದ್ದು. ಸ್ಟಾಸಿಯವರು ಮನೆಯವರಿಗೆ ಗೊತ್ತಾಗದ ಹಾಗೆ ಶೋಧ ಮಾಡೋರು. ಅದಕ್ಕೆ ಮುಂಚೆ ತಯಾರಿನೇ ದೊಡ್ಡದು. ಮನೇಲಿ ಯಾರ್ಯಾರಿದಾರೆ, ಕೀ ಯಾರ ಹತ್ರ ಇದೆ, ಪಕ್ಕದ ಮನೆಯವರು ಎಷ್ಟೊತ್ತಿಗೆ ಬರ್ತಾರೆ, ಇವರೆಲ್ಲರನ್ನೂ ಆ ಹೊತ್ತಲ್ಲಿ ಬೇರೆ ಕಡೆ ಹೆಂಗೆ ಹಿಡಿದಿಡೋದು. ಒಳಗೆ ಹೋದ ತಕ್ಷಣ ಏನನ್ನೂ ಮುಟ್ಟಲ್ಲ, ಮೊದಲು ಪೋಲರಾಯ್ಡ್‌ನಲ್ಲಿ (ತೆಗೆದ ತಕ್ಷಣ ಪ್ರಿಂಟ್ ಕೊಡೋ ಅಮೆರಿಕನ್ ಕ್ಯಾಮೆರಾ) ಫೋಟೋ. ಆಮೇಲೆ ಡ್ರಾಯರು, ಪುಸ್ತಕ, ಹಾಸಿಗೆ ಎಲ್ಲ ತಡಕಾಡಿ ಫೋಟೋ ನೋಡ್ಕೊಂಡು ಇದ್ದ ಹಾಗೇ ವಾಪಸ್ ಇಡೋದು. ಈ ಪೋಲರಾಯ್ಡ್‌ಗಳಲ್ಲಿ ಕೆಲವು ಉಳ್ಕೊಂಡಿವೆ, ಅದರಲ್ಲಿ ಮಡಿಸದೇ ಬಿಟ್ಟ ಹಾಸಿಗೆ ಒಂದು. ಹೊದಿಕೆ ಮುದುಡಿದ್ದು ಹಂಗೇ ಇದೆ, ದಿಂಬು ಸೊಟ್ಟಗೆ, ಫ್ಲಾಶ್ ಬೆಳಕು ಬಿದ್ದು ಬೆಳ್ಳಗಾಗಿದೆ. ಬೆಳಿಗ್ಗೆ ಅವಸರದಲ್ಲಿ ಎದ್ದು ಹೋದವರ ಹಾಸಿಗೆ ಅದು, ಆ ಮುದುಡನ್ನೂ ನೆರಿಗೆ ಸಮೇತ ವಾಪಸ್ ಕೂರಿಸ್ಬೇಕು ಅಂತ ಒಬ್ಬ ಸರ್ಕಾರಿ ನೌಕರ ಫೋಟೋ ನೋಡ್ತಾ ನಿಂತಿದ್ದ. (ಬಂಡವಾಳಶಾಹಿ ಅಮೆರಿಕದ ಕ್ಯಾಮೆರಾ ಹಿಡ್ಕೊಂಡು ಸಮಾಜವಾದ ಕಾಯ್ತಿದ್ದಿದ್ದು ಬೇರೆ ತಮಾಷೆ.)

ಟಾಕಲ್ಲಿ ನಾನು ಬೇಕಂತಲೇ ಆರ್ಡರ್ ಹಿಂದೆಮುಂದೆ ಮಾಡಿದ್ದೆ. ಮೊದಲು ವೇಷ ಹಾಕೋ ಪಾಠ. ಆಫೀಸರ್‌ಗಳು ವಿಗ್ ಹಾಕ್ಕೊಂಡು, ಅಂಟಿಸಿದ ಮೀಸೆ, ಕಪ್ಪು ಕನ್ನಡಕ, ಫರ್ ಟೋಪಿ, ಟೂರಿಸ್ಟ್ ಥರ ಕ್ಯಾಮೆರಾ ನೇತಾಕ್ಕೊಂಡು ಪೋಸ್ ಕೊಟ್ಟಿರೋ ಫೋಟೋಗಳು. ಹಾಲ್ ಪೂರ್ತಿ ನಗು. ಹಿಂದೆ ಕೂತಿದ್ದ ಹುಡುಗ "ಸಾರ್, ಸ್ಕೂಲ್ ಡೇ ನಾಟಕ ಇದ್ದಂಗಿದೆ" ಅಂದ. ಇದೆ, ನಿಜ. ಆ ನಗು ಮುಗಿಯೋ ಮುಂಚೆನೇ ಹಾಸಿಗೆ ಫೋಟೋ ಹಾಕಿದೆ, ಏನೂ ಹೇಳ್ಲಿಲ್ಲ. ಇಂಟರ್ನೆಟ್ಟಲ್ಲಿ ಈ ವೇಷದ ಫೋಟೋಗಳು ಬರೀ ಮೀಮ್ ಆಗಿ ಓಡಾಡೋದು ನನಗೆ ಇಷ್ಟ ಆಗಲ್ಲ, ವಿಗ್ ಹಾಕಿ ಪ್ರಾಕ್ಟೀಸ್ ಮಾಡಿದ್ದು ಇನ್ನೊಬ್ಬರ ಮನೆಗೆ ಹೋಗೋಕೆ ತಾನೆ.

ಎರಡನೇ ಸಲ ನೋಡೋವಾಗ ಸೌಂಡ್ ಹಾಕಿ ಒಂದೇ ಒಂದು ಗಮನಿಸ್ತೀನಿ, ಯಾರ ಮಾತು ಕೇಳುತ್ತೆ, ಯಾರದ್ದು ಕೇಳಲ್ಲ. ನಾನು ನೋಡಿದವುಗಳಲ್ಲಿ ಬೆನ್ನು ಹತ್ತಿಸಿಕೊಂಡ ಮನುಷ್ಯನಿಗೆ ಮಾತೇ ಇಲ್ಲ, ಬಾಯಿ ಆಡುತ್ತೆ, ಅದರ ಮೇಲೆ ಕಾಮೆಂಟರಿ ಓಡುತ್ತೆ. ಇನ್ನೊಂದು, ಪ್ಲಾನ್ ಕೆಡೋದೇ ಇಲ್ಲ. ಕೀ ಸರಿಯಾಗಿ ಕೂರುತ್ತೆ, ಪಕ್ಕದ ಮನೆಯವರು ಬೇಗ ಬರಲ್ಲ. ಟ್ರೈನಿಂಗ್ ಅಂದ್ರೆ ಎಡವೋದನ್ನೂ ತೋರಿಸ್ಬೇಕಲ್ವಾ, ಇಲ್ಲಿ ತೋರಿಸಲ್ಲ, ಅದಕ್ಕೇ ನಾನು ಇವನ್ನ ಪಾಠಕ್ಕಿಂತ ಜಾಸ್ತಿ ಡಿಪಾರ್ಟ್‌ಮೆಂಟು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದು ಅಂತ ಓದ್ತೀನಿ. ಕೇಸ್ ಮುಗೀತು ಅಂದ ಕೂಡ್ಲೇ ಫಿಲ್ಮೂ ಮುಗಿಯುತ್ತೆ. ಆಮೇಲೆ ಆ ಮನುಷ್ಯನಿಗೆ ಏನು ಮಾಡ್ತಿದ್ರು ಅನ್ನೋದು ಕಾಗದದಲ್ಲಿ ಸಿಗುತ್ತೆ: 1976ರ ಜನವರಿಯಲ್ಲಿ ಬಂದ 1/76 ಅನ್ನೋ ಸ್ಟಾಸಿಯ ಒಳಗಿನ ನಿರ್ದೇಶನದಲ್ಲಿ ಜನರ ಹೆಸರು ಕೆಡಿಸೋದು, ಸ್ನೇಹಿತರ ಮಧ್ಯೆ ಅನುಮಾನ ಹುಟ್ಟಿಸೋದು, ಕೆಲಸದಲ್ಲಿ ಸೋಲೋ ಹಾಗೆ ಮಾಡೋದು ಎಲ್ಲ ಬರವಣಿಗೇಲೇ ಇದೆ. ಅದಕ್ಕೆ ಫಿಲ್ಮ್ ಜೊತೆ ಕಾಗದ ಓದದೇ ಇದ್ರೆ ಅರ್ಧ ಕಥೆ. ಮೀಡಿಯಾಟೇಕಲ್ಲಿ ಎರಡೂ ಒಂದೇ ಕಡೆ ಇರೋದು ದೊಡ್ಡ ಉಪಕಾರ.

ನಮ್ಮ ಕಡೆ ಲಿಂಕ್ ಏನು ಅಂತ ಯಾರೋ ಕೇಳಿದ್ರು. ಎಳೆದು ತರೋ ಅಗತ್ಯ ಇಲ್ಲ, ಆದ್ರೆ ಒಂದಿದೆ. ಪೂರ್ವ ಜರ್ಮನಿಯ ವೋಲ್ಫೆನ್‌ನಲ್ಲಿ ತಯಾರಾಗ್ತಿದ್ದ ಓರ್ವೋ ಅನ್ನೋ ಬ್ರ್ಯಾಂಡಿನ ಕ್ಯಾಮೆರಾ ಫಿಲ್ಮು 70, 80ರ ದಶಕದಲ್ಲಿ ಭಾರತದ ಸಿನಿಮಾದವರಿಗೂ ಫೋಟೋ ಸ್ಟುಡಿಯೋದವರಿಗೂ ದಿನಬಳಕೆ ಸಾಮಾನು. ನಮ್ಮ ಮಾವ ಸ್ಟುಡಿಯೋ ಇಟ್ಟಿದ್ರು, ಓರ್ವೋ ಅಂದ ತಕ್ಷಣ "ಅದರ ಕಲರ್ ನಿಲ್ತಿರ್ಲಿಲ್ಲ ಮಾರಾಯ" ಅಂದ್ರು, ಜರ್ಮನಿ ರಾಜಕೀಯ ಅವರಿಗೆ ಬೇಕಾಗಿಲ್ಲ.

ನೀವೂ ಮಾಡೋದಾದ್ರೆ ಒಂದು ವಿಷಯ ನೆನಪಿಡಿ. ಆರ್ಕೈವ್‌ನವರು ಬಲಿಯಾದವರ ಹೆಸರು, ಮುಖ ಮುಚ್ಚಿ ಕೊಟ್ಟಿರ್ತಾರೆ, 1991ರ ಕೊನೇಲಿ ಬಂದ ಸ್ಟಾಸಿ ದಾಖಲೆಗಳ ಕಾನೂನು ಅದಕ್ಕೆ ಆಧಾರ, ನೌಕರರಿಗೆ ಅಷ್ಟು ರಕ್ಷಣೆ ಇಲ್ಲ. ಯಾರಿರಬಹುದು ಅಂತ ಪತ್ತೇದಾರಿಕೆಗೆ ಇಳೀಬೇಡಿ. ಸಬ್‌ಟೈಟಲ್ ಹಾಕಿ ತೋರಿಸೋದಿದ್ರೆ ಮೊದಲು ಆರ್ಕೈವ್‌ಗೆ ಮೇಲ್ ಮಾಡಿ ಕೇಳಿ, ಕ್ಲಿಪ್‌ನ ಆರ್ಕೈವ್ ನಂಬರ್ ಸ್ಕ್ರೀನ್ ಮೂಲೇಲಿ ಇರ್ಲಿ. ನನ್ನ ಶಾಟ್ ಶೀಟ್‌ನ ಟೆಂಪ್ಲೇಟ್ ಬೇಕಾದ್ರೆ ಕಳಿಸ್ತೀನಿ, ಕಾಲಂ ಹೆಸರುಗಳು ಮಾತ್ರ ಅರ್ಧ ಕನ್ನಡ ಅರ್ಧ ಜರ್ಮನ್ ಆಗಿವೆ, ಅಡ್ಜಸ್ಟ್ ಮಾಡ್ಕೊಳ್ಳಿ.