ಹಳೆಯ ಸಿಡಿ ಪ್ಲೇಯರ್ ಕೊಳ್ಳುವಾಗ ನಾನು ಮೊದಲು ಕೇಳುವುದು ಲೇಸರ್ ನಂಬರ್

ಅಪ್ಪನ ಹತ್ತಿರ ಇನ್ನೂರಕ್ಕೂ ಜಾಸ್ತಿ ಸಿಡಿಗಳಿವೆ. ಹಿಂದೂಸ್ತಾನಿ ಗಾಯನವೇ ಹೆಚ್ಚು, ಒಂದಷ್ಟು ಭಾವಗೀತೆ, ಒಂದಷ್ಟು ವೀಣೆ. ಮನೆಯ ಪ್ಲೇಯರ್ ಕೆಟ್ಟು ಮೂಲೆ ಸೇರಿದ ಮೇಲೆ ಅವೆಲ್ಲ ಆರೇಳು ವರ್ಷ ಕಪಾಟಿನಲ್ಲೇ ಉಳಿದವು. ‘ಎಲ್ಲ ಫೋನಿನಲ್ಲೇ ಸಿಗುತ್ತಲ್ಲ ಅಪ್ಪಾ’ ಅಂದರೆ ಅವರು ಒಪ್ಪುತ್ತಿರಲಿಲ್ಲ. ಸಿಡಿ ಜೊತೆ ಬರುವ ಪುಟ್ಟ ಪುಸ್ತಕ ಕೈಯಲ್ಲಿ ಹಿಡಿದು, ತಬಲಾ ಯಾರದ್ದು, ಹಾರ್ಮೋನಿಯಂ ಯಾರದ್ದು ಎಂದು ಓದಿಕೊಳ್ಳುತ್ತ ಕೇಳುವುದು ಅವರ ರೂಢಿ. ಅದಕ್ಕೇ ಹತ್ತು ಸಾವಿರ ರೂಪಾಯಿಯೊಳಗೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಪ್ಲೇಯರ್ ಹುಡುಕಲು ಹೊರಟೆ.

ಮೊದಲ ಸಲ ಮೋಸ ಹೋದೆ. ದಪ್ಪ ಅಲ್ಯೂಮಿನಿಯಂ ಮುಖ, ಎತ್ತಿದರೆ ಒಳ್ಳೇ ಭಾರ, ಒಳಗೆ ಹೆಸರುವಾಸಿ ಡಿಎಸಿ ಚಿಪ್ಪು (ಸಿಡಿಯ ಅಂಕಿಗಳನ್ನು ಶಬ್ದದ ಸಿಗ್ನಲ್ ಆಗಿಸುವ ಭಾಗ). ಮಾರುವವರು ಒಂದು ಸಿಡಿ ಹಾಕಿ ಎರಡು ನಿಮಿಷ ಕೇಳಿಸಿದರು. ನನಗೆ ಅಷ್ಟೇ ಸಾಕಾಯಿತು. ಮನೆಗೆ ತಂದ ಮೂರನೇ ವಾರದಿಂದ ಅದು ಹಾಡಿನ ನಡುವೆ ತಡವರಿಸತೊಡಗಿತು. ಆಮೇಲೆ ಯಾವ ಸಿಡಿ ಹಾಕಿದರೂ ‘ನೋ ಡಿಸ್ಕ್’ ಎಂದೇ ತೋರಿಸಿತು.

ರಿಪೇರಿಯವರು ಮುಚ್ಚಳ ಬಿಚ್ಚಿ, ಸಿಡಿ ಓದುವ ಲೇಸರ್ ಪಕ್ಕದಲ್ಲಿರುವ ಸಾಸಿವೆಯಷ್ಟು ಸಣ್ಣ ತಿರುಪನ್ನು ತೋರಿಸಿದರು. ‘ನೋಡಿ ಸರ್, ಇದನ್ನು ಯಾರೋ ತಿರುಗಿಸಿದ್ದಾರೆ’ ಎಂದರು. ಲೇಸರ್ ಸೊರಗಿದಾಗ ಅದನ್ನು ತಿರುಗಿಸಿ ಹೆಚ್ಚು ಕರೆಂಟ್ ಕೊಟ್ಟರೆ ಸ್ವಲ್ಪ ದಿನ ಓದುತ್ತದೆ, ಆಮೇಲೆ ಪೂರ್ತಿ ಹೋಗುತ್ತದೆ. ಆ ಮಾದರಿಯ ಲೇಸರ್ ತಯಾರಿಕೆ ಯಾವತ್ತೋ ನಿಂತಿದೆ. ಚಿಪ್ಪು, ಅಲ್ಯೂಮಿನಿಯಂ ಎಲ್ಲ ಇದ್ದೂ ಪ್ಲೇಯರ್ ಕೆಲಸಕ್ಕೆ ಬಾರದ ಡಬ್ಬಿಯಾಯಿತು.

ಅಂದಿನಿಂದ ಬ್ರ್ಯಾಂಡಿಗಿಂತ ಮೊದಲು ಲೇಸರ್ ನಂಬರ್, ಅಂದರೆ ಒಳಗಿನ ಲೇಸರ್ ಭಾಗದ ಮಾದರಿ ಸಂಖ್ಯೆ, ವಿಚಾರಿಸುತ್ತೇನೆ. ಮಾದರಿಯ ಹೆಸರು ಗೊತ್ತಾದರೆ ಅದರ ಸರ್ವೀಸ್ ಮ್ಯಾನುಯಲ್‌ನಲ್ಲಿ ಇದು ಸಿಗುತ್ತದೆ. ಸೋನಿಯ ಕೆಎಸ್‌ಎಸ್-213, ಫಿಲಿಪ್ಸ್‌ನ ವಿಎಎಂ-1202, ಇಂಥವನ್ನು ಎಷ್ಟೋ ಕಂಪನಿಗಳು ತಮ್ಮ ಪ್ಲೇಯರ್‌ಗಳಲ್ಲಿ ಬಳಸಿದ್ದವು. ಅವುಗಳ ನಕಲು ಈಗಲೂ ಬರುತ್ತದೆ. ಅಸಲಿನಷ್ಟು ಚೆನ್ನಾಗಿರುವುದಿಲ್ಲ, ಆದರೆ ಸೆಟ್ ಬದುಕುತ್ತದೆ. ಬದಲಿ ಲೇಸರ್ ಸಿಗದ ಪ್ಲೇಯರ್ ಎಷ್ಟೇ ಚೆಂದವಿರಲಿ, ನಾನು ಕೊಳ್ಳುವುದಿಲ್ಲ.

ಶಬ್ದದ ವಿಷಯಕ್ಕೆ ಬಂದರೆ, ಆರೋಗ್ಯವಾಗಿರುವ ಎರಡು ಪ್ಲೇಯರ್‌ಗಳ ನಡುವೆ ನನ್ನ ಕಿವಿಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಉಳಿದ ದುಡ್ಡು ಸ್ಪೀಕರ್‌ಗೆ ಹೋಗಲಿ. ಹಿಂದುಗಡೆ ಆಪ್ಟಿಕಲ್ ಅಥವಾ ಕೊಆಕ್ಸಿಯಲ್ ಔಟ್ (ಡಿಜಿಟಲ್ ಸಿಗ್ನಲ್ ಹೊರಗೆ ಕೊಡುವ ಕಿಂಡಿ) ಇದ್ದರೆ ಒಳ್ಳೆಯದು. ಮುಂದೆ ಬೇಕೆನಿಸಿದಾಗ ಹೊರಗಿನಿಂದ ಬೇರೆ ಡಿಎಸಿ ಜೋಡಿಸಬಹುದು.

ಎರಡನೇ ಸಲ ಹೊರಟಾಗ ಬ್ಯಾಗಿನಲ್ಲಿ ಒಂದು ಹೆಡ್‌ಫೋನ್, ಮೂರು ಸಿಡಿ ಇದ್ದವು.

ಒಂದು, ಎಪ್ಪತ್ತು ನಿಮಿಷ ದಾಟುವ ಖಯಾಲ್ ಗಾಯನದ್ದು. ಸಿಡಿಯನ್ನು ಲೇಸರ್ ಒಳಗಿನಿಂದ ಹೊರಗೆ ಓದುತ್ತ ಹೋಗುತ್ತದೆ. ಒಳಗಿನ ಸುತ್ತಿನಲ್ಲಿ ತಟ್ಟೆ ನಿಮಿಷಕ್ಕೆ ಸುಮಾರು 500 ಸಲ ತಿರುಗಿದರೆ, ಅಂಚಿಗೆ ಬರುವಾಗ ಸುಮಾರು 200ಕ್ಕೆ ಇಳಿಯುತ್ತದೆ. ಲೇಸರ್ ಸರಿಯುವ ಕಂಬಿಯ ಗ್ರೀಸ್ ಗಟ್ಟಿಯಾಗಿದ್ದರೆ ಮೊದಲ ಟ್ರ್ಯಾಕ್ ಸಲೀಸಾಗಿ ನಡೆದು, ಕೊನೆಯ ಟ್ರ್ಯಾಕ್‌ನಲ್ಲಿ ಸಿಕ್ಕಿಕೊಳ್ಳಬಹುದು. ಅದಕ್ಕೇ ಒಂದರಿಂದ ಕೊನೆಯ ಟ್ರ್ಯಾಕ್‌ಗೆ ನೇರ ಹಾರಿಸಿ, ಮತ್ತೆ ಒಂದಕ್ಕೆ ತಂದು ನೋಡುತ್ತೇನೆ. ಹಾಡು ಶುರುವಾಗುವ ಮುಂಚಿನ ತಂಬೂರಿಗೆ ಕಿವಿ ಕೊಡಿ. ಎಡೆಬಿಡದ ಆ ಶ್ರುತಿಯಲ್ಲಿ ಒಂದು ಸಣ್ಣ ‘ಟಿಕ್’ ಬಂದರೂ ಎದ್ದು ಕೇಳುತ್ತದೆ. ಡ್ರಮ್ಸ್ ಇರುವ ಹಾಡಿನಲ್ಲಿ ಅದು ಮುಚ್ಚಿಹೋಗುತ್ತದೆ.

ಎರಡನೆಯದು ಮನೆಯಲ್ಲಿ ಬರೆದ ಸಿಡಿ-ಆರ್. ಇದು ಅಚ್ಚೊತ್ತಿದ ಸಿಡಿಯಷ್ಟು ಬೆಳಕನ್ನು ಹಿಂದಕ್ಕೆ ಕಳಿಸುವುದಿಲ್ಲ. ಸೊರಗಿದ ಲೇಸರ್ ಮೊದಲು ಸೋಲುವುದು ಇಲ್ಲಿಯೇ. ಆದರೆ ಎಂಬತ್ತರ ದಶಕದ ಕೆಲವು ಪ್ಲೇಯರ್‌ಗಳು ಹೊಸದಿದ್ದಾಗಲೂ ಇದನ್ನು ಓದುತ್ತಿರಲಿಲ್ಲ. ಹಾಗಾಗಿ ಇದೊಂದನ್ನೇ ನೋಡಿ ತಳ್ಳಿಹಾಕಬೇಡಿ. ಮೂರನೆಯದು ಗೀರು ಬಿದ್ದ ಹಳೆಯ ಭಾವಗೀತೆ ಸಿಡಿ.

ಹಾಕಿದ ಸಿಡಿಯನ್ನು ತೆಗೆಯಬೇಡಿ, ಮುಕ್ಕಾಲು ಗಂಟೆ ಓಡಲಿ. ನನ್ನ ಮೊದಲ ಪ್ಲೇಯರ್ ಬಿಸಿಯಾದ ಮೇಲೇ ಕೈಕೊಡುತ್ತಿತ್ತು. ಇಷ್ಟು ಹೊತ್ತು ಕೂರಲು ಬಿಡದವರ ಹತ್ತಿರ ಕೊಳ್ಳದಿರುವುದೇ ಮೇಲು.

ಚಿಕ್ಕಪೇಟೆಯ ಸಂಡೇ ಬಜಾರ್‌ನಲ್ಲಿ ಒಂದು ಚೆಂದದ ಪ್ಲೇಯರ್ ಕಣ್ಣಿಗೆ ಬಿತ್ತು. ಹಿಂದೆ ತಿರುಗಿಸಿ ನೋಡಿದರೆ 100 ವೋಲ್ಟ್. ಜಪಾನಿನ ಮನೆಗಳಿಗೆಂದು ಮಾಡಿದ್ದು. ನಮ್ಮ 230 ವೋಲ್ಟ್‌ಗೆ ಸುಮ್ನೆ ಚುಚ್ಚಿದರೆ ಸುಟ್ಟೇ ಹೋಗುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳಬಹುದು, ಆದರೆ ಮನೆಯಲ್ಲಿ ಯಾರಾದರೂ ಮರೆತು ನೇರ ಚುಚ್ಚಿಬಿಟ್ಟರೆ? ಬಿಟ್ಟು ಬಂದೆ.

ಕೊನೆಗೆ ಸಿಕ್ಕಿದ್ದು ಜಯನಗರದ ಒಂದು ಮನೆಯಲ್ಲಿ. ತೊಂಬತ್ತರ ದಶಕದ ಕೊನೆಯ ಮಾದರಿ, 213 ಲೇಸರ್, 230 ವೋಲ್ಟ್, ರಿಮೋಟ್ ಕೂಡ ಇತ್ತು. ಮನೆಯ ಯಜಮಾನರು ಕಾಫಿ ಕೊಟ್ಟು, ‘ನಿಧಾನವಾಗಿ ಕೇಳಿ, ಅವಸರವೇನಿಲ್ಲ’ ಎಂದು ಒಳಗೆ ಹೋದರು. ಮೂರೂ ಸಿಡಿಗಳನ್ನು ತಡವರಿಸದೆ ಓದಿತು. ಟ್ರೇ ಮಾತ್ರ ಗುಂಡಿ ಒತ್ತಿದರೆ ಗೊರ್ ಎಂದು ಅಲ್ಲೇ ನಿಲ್ಲುತ್ತಿತ್ತು. ಬೆರಳಿನಿಂದ ಸ್ವಲ್ಪ ಎಳೆದರೆ ಈಚೆ ಬರುತ್ತಿತ್ತು. ಅದನ್ನು ಕಂಡು ಹಿಂದಿನವರು ವಾಪಸ್ ಹೋಗಿದ್ದರಂತೆ. ನನಗೆ ಅದು ಸಡಿಲವಾದ ಬೆಲ್ಟ್ ಎಂದು ಗೊತ್ತಿತ್ತು. ಏಳೂವರೆ ಸಾವಿರ ಕೇಳಿದವರು ಆರು ಸಾವಿರಕ್ಕೆ ಕೊಟ್ಟರು.

ಮುಚ್ಚಳದ ಸ್ಕ್ರೂ ಬಿಚ್ಚಿ, ಟ್ರೇ ಹೊರಗೆ ತೆಗೆದರೆ ಬೆಲ್ಟ್ ಕಾಣುತ್ತದೆ. ಬಳೆಗಿಂತ ಚಿಕ್ಕ ರಬ್ಬರ್ ಉಂಗುರ. ಇಪ್ಪತ್ತು ವರ್ಷದಲ್ಲಿ ಅದು ಹಿಗ್ಗಿ, ಮೇಲೆ ಹೊಳಪು ಬಂದು ಜಾರುತ್ತಿತ್ತು. ರಾಟೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಹೊಸ ಬೆಲ್ಟ್ ಹಾಕಿದೆ. ಕಂಬಿಯ ಹಳೆ ಗ್ರೀಸ್ ತೆಗೆದು ತೆಳ್ಳಗೆ ಹೊಸದು ಸವರಿದೆ. ಲೆನ್ಸ್ ಒರೆಸಲು ಹತ್ತಿ ಕಡ್ಡಿ ಸಾಕು, ಒತ್ತಬಾರದು. ಅದು ಕೂದಲೆಳೆಯಂಥ ತಂತಿಗಳ ಮೇಲೆ ತೂಗುತ್ತಿರುತ್ತದೆ.

ಎರಡು ವರ್ಷದ ಬಳಿಕ ಅದರ ಲೇಸರ್ ಸೊರಗಿತು. ಈ ಸಲ ನನಗೆ ಭಯವಿರಲಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಬೀದಿ ಎಸ್‌.ಪಿ. ರೋಡ್‌ನಲ್ಲಿ ಕೆಲವು ನೂರು ರೂಪಾಯಿಗೆ 213 ಸಿಕ್ಕಿತು. ಮನೆಗೆ ತಂದು ಕೂರಿಸಿದರೆ ಒಂದೂ ಸಿಡಿ ಓದಲಿಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಲೇಸರ್‌ನ ಪುಟ್ಟ ಬೋರ್ಡ್ ಮೇಲೆ ಎರಡು ಬಿಂದುಗಳನ್ನು ಸೇರಿಸಿ ಒಂದು ಬೆಸುಗೆ ಚುಕ್ಕೆ ಇತ್ತು. ಸಾಗಿಸುವಾಗ ಮೈಯ ಸ್ಟ್ಯಾಟಿಕ್ ಕರೆಂಟ್ ತಾಗಿ ಲೇಸರ್ ಬೆಳಕು ಕೊಡುವ ಡಯೋಡ್ ಸಾಯದಿರಲೆಂದು ಕಾರ್ಖಾನೆಯಲ್ಲೇ ಅದನ್ನು ಹಾಕಿರುತ್ತಾರೆ. ವೈರ್ ಜೋಡಿಸಿದ ಮೇಲೆ ನಾವು ತೆಗೆಯಬೇಕು. ಪ್ಲಗ್ ಕಿತ್ತು, ಸೋಲ್ಡರಿಂಗ್ ಐರನ್ ತುದಿಯಿಂದ ಎರಡು ಸೆಕೆಂಡಿನಲ್ಲಿ ಚುಕ್ಕೆ ಎತ್ತಿದೆ. ಸಿಡಿ ಹಾಕಿದೆ. ತಟ್ಟೆ ತಿರುಗಿತು, ಪರದೆಯ ಮೇಲೆ ಟ್ರ್ಯಾಕ್ ಸಂಖ್ಯೆ ಬಂತು, ತಂಬೂರಿ ಶುರುವಾಯಿತು.

ಅಪ್ಪ ಕನ್ನಡಕ ಹಾಕಿಕೊಂಡು ಪುಟ್ಟ ಪುಸ್ತಕ ತೆರೆದರು. ಮುಂದಿನ ವಾರ ಎಸ್‌.ಪಿ. ರೋಡ್‌ಗೆ ಹೋಗಿ ಇನ್ನೊಂದು 213 ತಂದು, ಕವರ್ ಬಿಚ್ಚದೆ ಕಪಾಟಿನಲ್ಲಿ ಇಟ್ಟಿದ್ದೇನೆ.