‘ಟ್ರಾನ್: ಲೆಗಸಿ’ ನೋಡೋಕೆ ಮುಂಚೆ ದೀಪ ಆರಿಸಿ

ಈ ಸಿನಿಮಾವನ್ನು ಮೊದಲ ಸಲ ನೋಡಿದ್ದು ಥಿಯೇಟರಿನಲ್ಲಿ, ತ್ರೀಡಿ ಕನ್ನಡಕ ಹಾಕಿಕೊಂಡು. ಪ್ರೊಜೆಕ್ಟರಿನ ಬೆಳಕು ಮಂಕಾಗಿತ್ತು. ಕಪ್ಪು ಬಟ್ಟೆ ಎಲ್ಲಿ ಮುಗಿಯಿತು, ಕಪ್ಪು ಆಕಾಶ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗಲಿಲ್ಲ. ಬೇಜಾರಾಗಿ ಎದ್ದು ಬಂದೆ. ಆಮೇಲೆ ಒಂದು ರಾತ್ರಿ ಮನೆಯಲ್ಲಿ ದೀಪ ಆರಿಸಿ ನೋಡಿದಾಗ ಬೇರೆ ಸಿನಿಮಾನೇ ನೋಡಿದ ಹಾಗಾಯಿತು. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಮೊದಲು 1982ರ ‘ಟ್ರಾನ್’ ನೋಡಿ, ‘ಲೆಗಸಿ’ ಅದರ ಮುಂದುವರಿಕೆ. ಸ್ಟೀವನ್ ಲಿಸ್ಬರ್ಗರ್ ಅವರ ಸಿನಿಮಾ, ಒಂದೂವರೆ ಗಂಟೆ ಅಷ್ಟೇ. ಕಥೆ ಸ್ವಲ್ಪ ನಿಧಾನ, ಪರವಾಗಿಲ್ಲ. ಬೆಳಕನ್ನು ನೋಡಿ. ಕಥೆಯಲ್ಲಿ ಮನುಷ್ಯ ಕಂಪ್ಯೂಟರಿನ ಒಳಗಿನ ಜಗತ್ತಿಗೆ ಹೋಗುತ್ತಾನೆ. ಆ ದೃಶ್ಯಗಳಲ್ಲಿ ನಟರನ್ನು ಕಪ್ಪು-ಬಿಳುಪಿನಲ್ಲಿ ಚಿತ್ರೀಕರಿಸಿದ್ದರು. ಆಮೇಲೆ ಒಂದೊಂದು ಫ್ರೇಮನ್ನೂ ದೊಡ್ಡ ಹಾಳೆಯಷ್ಟು ಮಾಡಿ, ಹಿಂದಿನಿಂದ ಬೆಳಕು ಬಿಟ್ಟು, ಬಣ್ಣದ ಫಿಲ್ಟರ್ ಇಟ್ಟು ಮತ್ತೆ ಫೋಟೋ ತೆಗೆದರು. ಬಟ್ಟೆಯ ಮೇಲಿನ ಹೊಳೆಯುವ ಗೆರೆಗಳು ಬಂದಿದ್ದು ಹಾಗೆ. ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ್ದು ಸುಮಾರು ಕಾಲು ಗಂಟೆಯಷ್ಟು ಮಾತ್ರ.

ಲೈಟ್ ಸೈಕಲ್ ಅನ್ನೋ ಬೆಳಕಿನ ಬೈಕುಗಳ ಓಟ ಬಂದಾಗ ಒಂದು ಸಲ ನಿಲ್ಲಿಸಿ. ಬೈಕುಗಳು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಓಡಿ, ಥಟ್ಟಂತ ನೇರ ಮೂಲೆಯಲ್ಲಿ ತಿರುಗುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ. 28 ವರ್ಷ ಕಾದು ಬಂದ ‘ಲೆಗಸಿ’ಯಲ್ಲಿ ಅದೇ ಬೈಕು ಬಾಗಿ, ಜಾರಿ, ಸುತ್ತು ಹೊಡೆಯುತ್ತದೆ. ನನ್ನ ಅಕ್ಕನ ಮಗ ಹಳೆಯದನ್ನು ನೋಡಿದ್ದ. ಮೊದಲ ತಿರುವಿಗೇ "ಮಾಮ, ಈಗ ಬಾಗುತ್ತೆ!" ಅಂತ ಕೂಗಿದ.

ಇನ್ನು ಟಿವಿ. ಪಿಕ್ಚರ್ ಮೋಡ್ ‘ಸಿನಿಮಾ’ಗೆ ಹಾಕಿ. ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಧಾರಾವಾಹಿ ಥರ ಕಾಣುತ್ತದೆ. ‘ಲೆಗಸಿ’ಯ ನಾಯಕ ಸ್ಯಾಮ್ ಹೊಸ ಉಡುಪು ಹಾಕಿಕೊಂಡು ನಿಂತಾಗ ಸಿನಿಮಾ ನಿಲ್ಲಿಸಿ. ಗೆರೆಗಳ ನಡುವಿನ ಕಪ್ಪು ಬಟ್ಟೆಯ ವಿನ್ಯಾಸ ಕಾಣಬೇಕು. ಬರೀ ಕಪ್ಪು ಮುದ್ದೆ ಕಂಡರೆ ಬ್ರೈಟ್‌ನೆಸ್ ಒಂಚೂರು ಏರಿಸಿ, ಬೂದಿ ಬಣ್ಣ ಕಂಡರೆ ಇಳಿಸಿ. ಆ ಉಡುಪಿನ ದೀಪಗಳು ನಿಜವಾದವು, ಬ್ಯಾಟರಿಯಲ್ಲಿ ಉರಿಯುತ್ತಿದ್ದವು.

ತ್ರೀಡಿಯಲ್ಲಿ ನೋಡುವವರು ಶುರುವಿನಲ್ಲಿ ಗಾಬರಿಯಾಗಬೇಡಿ. ಹೊರಗಿನ ಜಗತ್ತಿನ ದೃಶ್ಯಗಳು ಬೇಕಂತಲೇ ಟೂಡಿಯಲ್ಲಿವೆ. ಗ್ರಿಡ್, ಅಂದರೆ ಕಂಪ್ಯೂಟರಿನ ಒಳಗಿನ ಜಗತ್ತಿಗೆ ಹೋದ ಮೇಲೆ ಆಳ ಬರುತ್ತದೆ.

ಸಂಗೀತ ಫ್ರಾನ್ಸಿನ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ಡಾಫ್ಟ್ ಪಂಕ್ ಅವರದ್ದು. ಆರ್ಕೆಸ್ಟ್ರಾ ಮತ್ತು ಸಿಂಥ್ ಒಂದರೊಳಗೊಂದು ಬೆರೆತಿವೆ. ಟಿವಿಯ ಸ್ಪೀಕರಿನಲ್ಲಿ ಅರ್ಧ ಮಾಯ. ದೊಡ್ಡ ಸ್ಪೀಕರ್ ಇಲ್ಲದಿದ್ದರೆ ಕಿವಿಗೆ ಹೆಡ್‌ಫೋನ್ ಹಾಕಿ. ಕ್ಲಬ್ಬಿನ ದೃಶ್ಯದಲ್ಲಿ ಹೆಲ್ಮೆಟ್ ಹಾಕಿಕೊಂಡು ಸಂಗೀತ ನುಡಿಸುವ ಇಬ್ಬರು ಅವರೇ.

ಸ್ಯಾಮ್‌ನ ಅಪ್ಪನಾಗಿ ನಟಿಸಿದ ಜೆಫ್ ಬ್ರಿಡ್ಜಸ್‌ರ ಕಂಪ್ಯೂಟರ್ ಮಾಡಿದ ಎಳೆಯ ಮುಖ ನನಗೆ ಇವತ್ತಿಗೂ ಒಗ್ಗಿಲ್ಲ. ಗ್ರಿಡ್ ಒಳಗೆ ಆ ಮುಖ ಇರುವುದು ಅಪ್ಪನ ರೂಪದ ಒಂದು ಪ್ರೋಗ್ರಾಮಿಗೆ, ಹಾಗಾಗಿ ನಡೆಯುತ್ತದೆ. ಶುರುವಿನಲ್ಲಿ ಅದೇ ಮುಖ ಮಗನಿಗೆ ಕಥೆ ಹೇಳುವ ಅಪ್ಪನಾಗಿ ಬಂದಾಗ ಮಾತ್ರ ಮೇಣದ ಗೊಂಬೆ ಥರ.

ನಡುವೆ ಎದ್ದು ದೀಪ ಹಾಕಬೇಡಿ. ಸುಮಾರು ಹೊತ್ತು ಕಪ್ಪು ನೋಡಿ ಕಣ್ಣು ಒಗ್ಗಿರುತ್ತದೆ. ಆಗ ಸ್ಯಾಮ್ ಒಂದು ಬಿಳಿ ಕೋಣೆಗೆ ಕಾಲಿಡುತ್ತಾನೆ. ನೆಲವೇ ಹೊಳೆಯುತ್ತಿರುತ್ತದೆ. 1989ರಲ್ಲಿ ಕಾಣೆಯಾದ ಅಪ್ಪ ಅಲ್ಲಿದ್ದಾನೆ. ಅಕ್ಕನ ಮಗ ಕಣ್ಣು ಕಿರಿದು ಮಾಡಿಕೊಂಡ, ಆದರೆ ಪರದೆ ಬಿಟ್ಟು ಅತ್ತಿತ್ತ ನೋಡಲಿಲ್ಲ.